ಕೈತೋಟದ ವಾಟ್ಸಾಪ್ ಗುಂಪು: ಹೊಸಬರ ಮೊದಲ ಪ್ರಶ್ನೆಗೆ ಹೇಗೆ ತಯಾರಾಗಬೇಕು

ಕೈತೋಟ, ತಾರಸಿ ತೋಟದ ಗುಂಪುಗಳು ಈಗ ಊರಿಗೊಂದು ಎನ್ನುವಷ್ಟಿವೆ. ಲಿಂಕ್ ಸಿಕ್ಕ ಕೂಡಲೇ ಜನ ಸೇರುತ್ತಾರೆ, ಒಂದಷ್ಟು ದಿನ ಸುಮ್ಮನೆ ನೋಡುತ್ತಾರೆ, ಆಮೇಲೆ ಧೈರ್ಯ ಮಾಡಿ ಮೆಣಸಿನ ಗಿಡದ ಫೋಟೋ ಹಾಕಿ "ಎಲೆ ಮುದುಡ್ತಿದೆ, ಏನ್ ಮಾಡ್ಲಿ?" ಎಂದು ಕೇಳುತ್ತಾರೆ. ಅಲ್ಲಿಂದ ಮುಂದೆ ಸಾಮಾನ್ಯವಾಗಿ ಆಗುವುದು ಇಷ್ಟೇ. ಒಂದೋ ಯಾರೂ ಉತ್ತರಿಸುವುದಿಲ್ಲ, ಅಷ್ಟರಲ್ಲಿ ಮೂವತ್ತು ಶುಭೋದಯ ಬಂದು ಪ್ರಶ್ನೆ ಮೇಲೆ ಸರಿದುಹೋಗುತ್ತದೆ. ಇಲ್ಲವೇ ಎಂಟು ಜನ ಎಂಟು ಔಷಧಿ ಹೇಳುತ್ತಾರೆ. ಅದೂ ಅಲ್ಲದಿದ್ದರೆ ಹಿರಿಯ ಸದಸ್ಯರೊಬ್ಬರು "ಇದನ್ನ ಎಷ್ಟು ಸಲ ಹೇಳೋದು, ಹಳೇ ಮೆಸೇಜ್ ನೋಡಿ" ಎನ್ನುತ್ತಾರೆ. ಮೂರರಲ್ಲಿ ಯಾವುದೇ ಆದರೂ ಆ ಮನುಷ್ಯ ಎರಡನೇ ಪ್ರಶ್ನೆ ಕೇಳುವುದಿಲ್ಲ. ಗುಂಪು ಬಿಟ್ಟುಹೋಗುವುದೂ ಇಲ್ಲ, ಮ್ಯೂಟ್ ಮಾಡಿ ಕೂತಿರುತ್ತಾರೆ. ಹಾಗಾಗಿ ಸದಸ್ಯರ ಸಂಖ್ಯೆ ನೋಡಿ ಗುಂಪು ಚೆನ್ನಾಗಿದೆ ಎಂದುಕೊಳ್ಳುವ ಅಡ್ಮಿನ್‌ಗೆ ಇದು ಗೊತ್ತಾಗುವುದೇ ಇಲ್ಲ.

ಹೊಸಬರನ್ನು ಉಳಿಸಿಕೊಳ್ಳಬೇಕಾದರೆ ಸ್ವಾಗತದ ಹೂಗುಚ್ಛದ ಚಿತ್ರಕ್ಕಿಂತ ಈ ಮೊದಲ ಪ್ರಶ್ನೆಯ ಕಡೆ ಗಮನ ಕೊಡಬೇಕು. ಮುಂದಿರುವುದೆಲ್ಲ ಅದಕ್ಕೆ ಬೇಕಾದ ಏರ್ಪಾಡು. ಗಿಡದ ಗುಂಪನ್ನೇ ಇಟ್ಟುಕೊಂಡು ಬರೆದಿದ್ದರೂ ಹೈನುಗಾರಿಕೆ, ಹೊಲಿಗೆ, ಕ್ಯಾಮೆರಾ ಗುಂಪುಗಳವರು ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು.

"ಹಳೇ ಮೆಸೇಜ್ ನೋಡಿ" ಎನ್ನುವ ಮುನ್ನ

ವಾಟ್ಸಾಪ್‌ನಲ್ಲಿ ಇವತ್ತು ಸೇರಿದವರಿಗೆ ನಿನ್ನೆಯವರೆಗಿನ ಮಾತುಕತೆ ತಾನಾಗಿ ಕಾಣಿಸುವುದಿಲ್ಲ. ಹಿರಿಯರ ಫೋನಿನಲ್ಲಿ ಮೂರು ವರ್ಷದ ಚರ್ಚೆ ಇದೆ, ಹೊಸಬರ ಫೋನಿನಲ್ಲಿ ಖಾಲಿ ಪರದೆ. ಇಲ್ಲದ್ದನ್ನು ಹುಡುಕಿ ಎಂದು ಗದರುವುದರಲ್ಲಿ ಅರ್ಥವಿಲ್ಲ. ಹಳಬರೂ ಹುಡುಕಿದರೆ ಸಿಗುವುದು ಕಡಿಮೆಯೇ: ಧ್ವನಿ ಸಂದೇಶದಲ್ಲಿ ಕೊಟ್ಟ ಉತ್ತರ ಹುಡುಕಾಟಕ್ಕೆ ಸಿಗುವುದಿಲ್ಲ, ಒಬ್ಬರು "ಬಿಳಿನೊಣ" ಎಂದು ಬರೆದರೆ ಇನ್ನೊಬ್ಬರು "ಬಿಳಿ ನೊಣ" ಎಂದು, ಮತ್ತೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುತ್ತಾರೆ.

ಟೆಲಿಗ್ರಾಂನಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಹೊಸ ಸದಸ್ಯರಿಗೂ ಹಿಂದಿನ ಚರ್ಚೆ ಕಾಣುವಂತೆ ಗುಂಪಿನ ಸೆಟ್ಟಿಂಗ್‌ನಲ್ಲಿ ಇಡಬಹುದು, ವಿಷಯಕ್ಕೊಂದು ಟಾಪಿಕ್ ಮಾಡಬಹುದು, ಫೋನ್ ನಂಬರ್ ಮುಚ್ಚಿಡಬಹುದು. ವಾಟ್ಸಾಪ್ ಗುಂಪಿಗೆ 1024 ಜನರ ಮಿತಿ, ಅಲ್ಲಿ 2 ಲಕ್ಷದವರೆಗೆ. ಆದರೆ ನಮ್ಮ ಕಡೆ ಮನೆಯಂಗಳದಲ್ಲಿ ಗಿಡ ಬೆಳೆಸುವ ಐವತ್ತು ದಾಟಿದ ಅಮ್ಮಂದಿರ ಫೋನಿನಲ್ಲಿ ವಾಟ್ಸಾಪ್ ಇರುತ್ತದೆ, ಟೆಲಿಗ್ರಾಂ ಇರುವುದಿಲ್ಲ. ಅವರಿಗಾಗಿಯೇ ಗುಂಪು ಎಂದಾದರೆ ವಾಟ್ಸಾಪ್‌ನಲ್ಲೇ ಇರಿ. ನೆನಪಿನ ಕೆಲಸವನ್ನು ಮಾತ್ರ ಹೊರಗಿಡಿ.

ಹೊರಗೆ ಎಂದರೆ ಒಂದು ಗೂಗಲ್ ಡಾಕ್. ಲಿಂಕ್ ಇದ್ದವರೆಲ್ಲ ಓದಬಹುದು, ಅಡ್ಮಿನ್‌ಗಳು ಮಾತ್ರ ತಿದ್ದಬಹುದು ಎಂದು ಇಡಿ. ಅದರಲ್ಲಿ ಮೇಲಿಂದ ಮೇಲೆ ಬರುವ ಹತ್ತು ಪ್ರಶ್ನೆ, ಒಂದೊಂದಕ್ಕೂ ಐದಾರು ಸಾಲಿನ ಉತ್ತರ. ಮಣ್ಣಿನ ಮಿಶ್ರಣ, ಬೀಜ ಮೊಳೆಯದಿರುವುದು, ಎಲೆ ಹಳದಿಯಾಗುವುದು, ಎಲೆ ಮುದುಡುವುದು, ಹಿಟ್ಟು ತಿಗಣೆ, ಹೂ ಉದುರುವುದು, ಟೊಮೆಟೊ ಕಾಯಿಯ ತಳ ಕಪ್ಪಾಗುವುದು, ಕರಿಬೇವು ಮೇಲೇಳದಿರುವುದು, ಇರುವೆ, ಇಲಿ. ಇಷ್ಟಾದರೆ ಬರುವ ಪ್ರಶ್ನೆಗಳ ಬಹುಪಾಲು ಮುಗಿಯಿತು. ಯೂನಿಕೋಡ್‌ನಲ್ಲೇ ಬರೆಯಿರಿ, ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ನಕಲಿಸಿದರೆ ಫೋನಿನಲ್ಲಿ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ.

ಉತ್ತರ ಎಷ್ಟು ನಿಖರವಾಗಿರಬೇಕು ಎನ್ನುವುದಕ್ಕೆ ಒಂದು ಮಾದರಿ. "ಕುಂಬಳ, ಸೋರೆ, ಹೀರೆ ಹೂ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ" ಎಂಬುದಕ್ಕೆ: ಮೊದಲು ಬರುವುದು ಹೆಚ್ಚಾಗಿ ಗಂಡು ಹೂ, ಅದು ಉದುರುವುದು ಸಹಜ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇರುತ್ತದೆ. ತಾರಸಿಯಲ್ಲಿ ಜೇನು ಕಡಿಮೆಯಿದ್ದರೆ ಗಂಡು ಹೂ ಕಿತ್ತು, ದಳ ತೆಗೆದು, ಕೇಸರವನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಕುಂಬಳಕ್ಕೆ ಇದನ್ನು ಬೆಳಗ್ಗೆ ಬೇಗ ಮಾಡಬೇಕು. ಸೋರೆ, ಹೀರೆ ಅರಳುವುದು ಸಂಜೆ, ಅವಕ್ಕೆ ಸಂಜೆಯೇ. ಈ ಕೊನೆಯ ಮಾತು ಬಿಟ್ಟುಹೋದರೆ ಹೊಸಬರು ಬೆಳಗ್ಗೆ ಎದ್ದು ಮುದುಡಿದ ಸೋರೆ ಹೂವಿನ ಮುಂದೆ ನಿಂತಿರುತ್ತಾರೆ.

ಪಿನ್ ಮಾಡುವುದು, ಸ್ವಾಗತ ಹೇಳುವುದು

ವಾಟ್ಸಾಪ್‌ನಲ್ಲಿ ಮೂರು ಸಂದೇಶ ಪಿನ್ ಮಾಡಬಹುದು, ಹೆಚ್ಚೆಂದರೆ 30 ದಿನಕ್ಕೆ. ಒಂದರಲ್ಲಿ ಡಾಕ್ ಲಿಂಕ್, ಇನ್ನೊಂದರಲ್ಲಿ ಪ್ರಶ್ನೆ ಕೇಳುವ ಕ್ರಮ, ಮೂರನೆಯದು ಆ ವಾರದ ವಿಷಯಕ್ಕೆ. ತಿಂಗಳು ಕಳೆದ ಮೇಲೆ ಪಿನ್ ಸದ್ದಿಲ್ಲದೆ ಕಳಚಿಕೊಳ್ಳುತ್ತದೆ, ಆದ್ದರಿಂದ ಪ್ರತಿ ತಿಂಗಳು ಒಂದನೇ ತಾರೀಕಿಗೆ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಲಿಂಕನ್ನು ಗುಂಪಿನ ವಿವರಣೆಯಲ್ಲೂ ಹಾಕಿ, ಅದು ಕಳಚುವುದಿಲ್ಲ.

ಸ್ವಾಗತ ಸಂದೇಶದಲ್ಲಿ ಹೆಚ್ಚಿನ ಅಡ್ಮಿನ್‌ಗಳು ಎಡವುವುದು ನಿಯಮಗಳ ಪಟ್ಟಿಯಲ್ಲಿ. ಹದಿನೈದು ನಿಯಮ, ಹನ್ನೆರಡರಲ್ಲಿ "ಕೂಡದು", ಕೊನೆಗೆ "ಉಲ್ಲಂಘಿಸಿದರೆ ತೆಗೆದುಹಾಕಲಾಗುವುದು". ಒಳಗೆ ಕಾಲಿಟ್ಟವರಿಗೆ ಮೊದಲು ಕಾಣುವುದೇ ಪೊಲೀಸ್ ಠಾಣೆಯ ಫಲಕ. ಅದರ ಬದಲು ಇಷ್ಟು ಸಾಕು:

"ನಮಸ್ಕಾರ, ಗುಂಪಿಗೆ ಬನ್ನಿ. ನಿಮ್ಮ ಊರು, ಗಿಡ ಇರುವುದು ನೆಲದಲ್ಲೋ ಕುಂಡದಲ್ಲೋ, ಈಗ ಏನು ಬೆಳೆಸುತ್ತಿದ್ದೀರಿ, ಇಷ್ಟು ಹೇಳಿ. ಇನ್ನೂ ಏನೂ ಹಾಕಿಲ್ಲದಿದ್ದರೂ ಪರವಾಗಿಲ್ಲ. ಪ್ರಶ್ನೆ ಯಾವಾಗ ಬೇಕಾದರೂ ಕೇಳಿ, ಮೊದಲೇ ಯಾರಾದರೂ ಕೇಳಿರಬಹುದೇ ಎಂದು ಯೋಚಿಸಬೇಡಿ. ಕೇಳುವ ಕ್ರಮ ಮೇಲೆ ಪಿನ್ ಆಗಿದೆ. ಒಂದು ದಿನದೊಳಗೆ ಉತ್ತರ ಬರದಿದ್ದರೆ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಹಾಕಿ."

ಕೊನೆಯ ಸಾಲನ್ನು ಬಿಡಬೇಡಿ. ಉತ್ತರ ಬರದಿದ್ದರೆ ನಮ್ಮವರು ಮತ್ತೆ ಕೇಳಲು ಹಿಂಜರಿಯುತ್ತಾರೆ, "ಯಾಕೆ ಸುಮ್ಮನೆ ತೊಂದರೆ ಕೊಡೋದು" ಎಂದು ಸುಮ್ಮನಾಗುತ್ತಾರೆ. ಮತ್ತೆ ಕೇಳಲು ಮೊದಲೇ ಅನುಮತಿ ಕೊಟ್ಟಿದ್ದರೆ ಆ ಹಿಂಜರಿಕೆ ಕರಗುತ್ತದೆ. ದಿನಕ್ಕೆ ಐದಾರು ಜನ ಸೇರುವ ಗುಂಪಾದರೆ ಒಬ್ಬೊಬ್ಬರಿಗೂ ಬೇರೆ ಸಂದೇಶ ಬೇಡ, ಸಂಜೆ ಒಮ್ಮೆ ಎಲ್ಲರನ್ನೂ ಟ್ಯಾಗ್ ಮಾಡಿ ಹಾಕಿ. ಊರು ಕೇಳುವುದು ಉಪಚಾರಕ್ಕಲ್ಲ: ಮಂಗಳೂರಿನ ಜುಲೈ ಬೇರೆ, ಬಳ್ಳಾರಿಯ ಜುಲೈ ಬೇರೆ, ನ್ಯೂಜೆರ್ಸಿಯಲ್ಲಿ ಬಸಳೆ ಹಾಕುವ ಕನ್ನಡಿಗರ ಜುಲೈ ಇನ್ನೂ ಬೇರೆ.

ಪ್ರಶ್ನೆ ಕೇಳುವ ಕ್ರಮ

ಪಿನ್ ಮಾಡುವ ಎರಡನೇ ಸಂದೇಶ ಇದು. ಎಂಟು ವಿಷಯ ಕೇಳಿ: ಯಾವ ಗಿಡ, ಎಷ್ಟು ದಿನದ್ದು, ಕುಂಡದ ಅಗಲ ಎಷ್ಟು ಇಂಚು, ತಳದಲ್ಲಿ ತೂತು ಇದೆಯೇ, ನೇರ ಬಿಸಿಲು ಎಷ್ಟು ಗಂಟೆ, ನೀರು ಎಷ್ಟು ದಿನಕ್ಕೊಮ್ಮೆ, ಕಳೆದ ಹದಿನೈದು ದಿನದಲ್ಲಿ ಹಾಕಿದ ಗೊಬ್ಬರ ಅಥವಾ ಸಿಂಪಡಿಸಿದ ಔಷಧಿ, ಮೂರು ಫೋಟೋ. ಫೋಟೋ ಮೂರು ಎಂದರೆ ಇಡೀ ಗಿಡದ್ದೊಂದು, ಕೆಟ್ಟಿರುವ ಎಲೆಯ ಮೇಲ್ಭಾಗದ್ದೊಂದು, ಅದೇ ಎಲೆಯ ಹಿಂಬದಿಯದೊಂದು. ಹಗಲಲ್ಲಿ, ನೆರಳಿನಲ್ಲಿ ತೆಗೆದು, ಕಳಿಸುವಾಗ ಎಚ್‌ಡಿ ಆಯ್ಕೆ ಒತ್ತಲು ಹೇಳಿ. ಹಾಗೇ ಕಳಿಸಿದರೆ ವಾಟ್ಸಾಪ್ ಚಿತ್ರವನ್ನು ಕುಗ್ಗಿಸುತ್ತದೆ, ಸಾಸಿವೆಗಿಂತ ಸಣ್ಣ ಹುಳು ಅದರಲ್ಲಿ ಅಳಿಸಿಹೋಗುತ್ತದೆ. ರಾತ್ರಿ ಟ್ಯೂಬ್‌ಲೈಟ್ ಕೆಳಗೆ ತೆಗೆದ ಫೋಟೋದಲ್ಲಿ ಹಸಿರು ಯಾವುದು, ಹಳದಿ ಯಾವುದು ಎನ್ನುವುದೇ ತಿಳಿಯುವುದಿಲ್ಲ.

ಇಷ್ಟೆಲ್ಲ ಯಾಕೆ ಎನ್ನುವುದನ್ನೂ ಅಲ್ಲೇ ಒಂದು ಸಾಲಿನಲ್ಲಿ ಹೇಳಿ, ಆಗ ಅದು ಸರ್ಕಾರಿ ಅರ್ಜಿಯಂತೆ ಕಾಣುವುದಿಲ್ಲ. ಮೆಣಸಿನ ಎಲೆ ದೋಣಿಯಂತೆ ಮೇಲಕ್ಕೆ ಮಡಚಿಕೊಂಡಿದ್ದರೆ ಹೆಚ್ಚಾಗಿ ಥ್ರಿಪ್ಸ್ (ರಸ ಹೀರುವ ಪುಟ್ಟ ಕೀಟ) ಕಾಟ, ಕೆಳಕ್ಕೆ ಮಡಚಿದ್ದರೆ ಹೆಚ್ಚಾಗಿ ಮೈಟ್ ನುಸಿ. ಎರಡಕ್ಕೂ ಮದ್ದು ಬೇರೆ. ಮೈಟ್ ನುಸಿ ಕೀಟದ ಜಾತಿಯೇ ಅಲ್ಲ, ಥ್ರಿಪ್ಸ್‌ಗೆಂದು ತಂದ ಕೀಟನಾಶಕಕ್ಕೆ ಅದು ಬಗ್ಗದಿರಬಹುದು. ಹಾಗೆಯೇ ಹಳದಿ. ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾದರೆ ಸಾರಜನಕದ ಕೊರತೆಯೋ ನೀರು ಹೆಚ್ಚಾದದ್ದೋ ಇರಬಹುದು. ತುದಿಯ ಎಳೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಅಂಶ ಸಿಗುತ್ತಿಲ್ಲ ಎಂದು ಅನುಮಾನಿಸಬೇಕು. ಇಡೀ ಗಿಡದ ಫೋಟೋ ಇಲ್ಲದೆ ಯಾವ ಎಲೆ ಹಳೆಯದು, ಯಾವುದು ಹೊಸದು ಎಂದು ಹೇಳುವುದು ಹೇಗೆ?

ಆದರೆ ಈ ಕ್ರಮವನ್ನು ಬಾಗಿಲಿಗೆ ಅಡ್ಡ ಇಡಬಾರದು. ಯಾರೋ ಅರ್ಧಂಬರ್ಧ ಕೇಳಿದರೆ "ಪಿನ್ ಓದಿ ಸರಿಯಾಗಿ ಕೇಳಿ" ಎಂದು ಅಟ್ಟಬೇಡಿ. ಬೇಕಾದ್ದರಲ್ಲಿ ಎರಡನ್ನು ಮಾತ್ರ ಕೇಳಿ: "ಎಲೆ ಹಿಂಬದಿಯ ಒಂದು ಫೋಟೋ ಹಾಕ್ತೀರಾ? ನೀರು ದಿನಾ ಹಾಕ್ತೀರಾ, ಎರಡು ದಿನಕ್ಕೊಮ್ಮೆಯಾ?" ಉಳಿದದ್ದು ಮಾತಿನಲ್ಲೇ ಹೊರಬರುತ್ತದೆ. ಎಂಟೂ ವಿಷಯ ಒಟ್ಟಿಗೆ ಕೇಳಿದರೆ ಅರ್ಧಕ್ಕರ್ಧ ಜನ ಮರಳಿ ಬರೆಯುವುದೇ ಇಲ್ಲ.

ಉತ್ತರಿಸುವವರಿಗೆ

ಪ್ರಶ್ನೆಯನ್ನು ಬಲಕ್ಕೆ ಎಳೆದು, ಅದಕ್ಕೇ ರಿಪ್ಲೈ ಮಾಡಿ. ನೂರು ಸಂದೇಶದ ನಡುವೆ "ಬೇವಿನೆಣ್ಣೆ ಹೊಡೀರಿ" ಎಂದು ಬಿಡಿಯಾಗಿ ಬಿದ್ದಿರುವ ಸಾಲು ಯಾರಿಗೆ ಹೇಳಿದ್ದೋ ತಿಳಿಯುವುದಿಲ್ಲ; ಗುಲಾಬಿಯವರು ಮಾಡಬೇಕಾದ್ದನ್ನು ಪುದೀನದವರು ಮಾಡಿಬಿಟ್ಟಿರುತ್ತಾರೆ.

ಅಳತೆಯಿಲ್ಲದ ಉತ್ತರ ಕೊಡಬೇಡಿ. "ಸ್ವಲ್ಪ", "ಒಂದು ಮುಚ್ಚಳ", "ಅಂದಾಜು" ಇವೆಲ್ಲ ಹತ್ತು ವರ್ಷ ಕೈಯಾಡಿಸಿದವರಿಗೆ ಸರಿ. ಹೊಸಬರಿಗೆ ಮುಚ್ಚಳ ಯಾವ ಸೀಸೆಯದು ಎನ್ನುವುದೇ ಪ್ರಶ್ನೆ. ಬೇವಿನ ಎಣ್ಣೆಯನ್ನೇ ನೋಡಿ. ಹೀಗೆ ಹೇಳಿದರೆ ಯಾರೂ ಮಾಡಬಲ್ಲರು: 1 ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಅಂದರೆ ಒಂದು ಟೀ ಚಮಚ. ಮೊದಲು ಎಣ್ಣೆಗೆ 1ರಿಂದ 2 ಮಿ.ಲೀ. ಪಾತ್ರೆ ತೊಳೆಯುವ ಸೋಪಿನ ದ್ರವ ಕಲಸಿ, ಆಮೇಲೆ ನೀರಿಗೆ ಹಾಕಿ ಚೆನ್ನಾಗಿ ಅಲುಗಾಡಿಸಿ. ಸೋಪಿಲ್ಲದಿದ್ದರೆ ಎಣ್ಣೆ ಮೇಲೆ ತೇಲಿ ಕೊನೆಯ ಗಿಡಕ್ಕೆ ಬರಿ ಎಣ್ಣೆ ಬೀಳುತ್ತದೆ. ಸಂಜೆ ಬಿಸಿಲಿಳಿದ ಮೇಲೆ ಎರಡು ಎಲೆಗೆ ಮಾತ್ರ ಹೊಡೆದು ಮರುದಿನ ನೋಡಿ, ಸುಡದಿದ್ದರೆ ಇಡೀ ಗಿಡಕ್ಕೆ, ಎಲೆಯ ಹಿಂಬದಿಗೂ. ಅಂಗಡಿಯಲ್ಲಿ ಸಿಗುವ 10,000 ಪಿಪಿಎಂ ಎಂದು ಬರೆದ ಬೇವಿನ ಔಷಧಿಗೆ ಈ ಅಳತೆ ಹೊಂದುವುದಿಲ್ಲ, ಅದರ ಲೇಬಲ್ ನೋಡಿಯೇ ಬೆರೆಸಬೇಕು.

ಅಳತೆ ಕೊಟ್ಟರೂ ಅದು ಕೇಳಿದವರ ತೋಟಕ್ಕೆ ಹೊಂದಬೇಕು. ಜೀವಾಮೃತ (ಸಗಣಿ, ಗಂಜಲದ ದ್ರವ ಗೊಬ್ಬರ) ಎಂದ ಕೂಡಲೇ 200 ಲೀಟರ್ ನೀರು, 10 ಕೆ.ಜಿ. ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ದ್ವಿದಳ ಧಾನ್ಯದ ಹಿಟ್ಟು ಎಂದು ಹೊಲದ ಲೆಕ್ಕ ಫಾರ್ವರ್ಡ್ ಮಾಡುತ್ತಾರೆ. ಅದು ಎಕರೆಗೆ. ಎರಡನೇ ಮಹಡಿಯಲ್ಲಿ ಹನ್ನೆರಡು ಕುಂಡ ಇಟ್ಟವರು ಏನು ಮಾಡಬೇಕು? ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಸಿ ಹೇಳಿ: 10 ಲೀಟರ್ ನೀರು, ಅರ್ಧ ಕೆ.ಜಿ. ಸಗಣಿ, ಕಾಲರಿಂದ ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ಕಡಲೆ ಹಿಟ್ಟು, ಔಷಧಿ ಬೀಳದ ಜಾಗದ ಒಂದು ಚಿಟಿಕೆ ಮಣ್ಣು. ನೆರಳಲ್ಲಿಟ್ಟು ದಿನಕ್ಕೆರಡು ಸಲ ಕಲಕುವುದು, ಎರಡು ದಿನದ ಮೇಲೆ ಹತ್ತು ಪಟ್ಟು ನೀರು ಸೇರಿಸಿ ಹಾಕುವುದು, ವಾರದೊಳಗೆ ಮುಗಿಸುವುದು. ವಾಸನೆ ಬರುತ್ತದೆ, ಫ್ಲಾಟಿನ ಬಾಲ್ಕನಿಯಾದರೆ ಅಕ್ಕಪಕ್ಕದವರ ಬಗ್ಗೆ ಯೋಚಿಸಿ ಎಂದೂ ಸೇರಿಸಿ. ಅಂಥವರಿಗೆ ಎರೆಹುಳು ಗೊಬ್ಬರವೇ ಸುಖ.

ಸಂಕ್ಷೇಪಗಳೂ ಹಾಗೆಯೇ ತೊಡಕು. ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಷ್), ಹತ್ತೊಂಬತ್ತು ಆಲ್ (ಆ ಮೂರೂ ಶೇ. 19ರಷ್ಟಿರುವ ಗೊಬ್ಬರ), ಪಿಎಸ್‌ಬಿ (ರಂಜಕ ಕರಗಿಸುವ ಬ್ಯಾಕ್ಟೀರಿಯಾ) ಎಂದಾಗ ಮೊದಲ ಸಲ ಪಕ್ಕದಲ್ಲೇ ಬಿಡಿಸಿ ಹೇಳಿದರೆ ಮುಗಿಯಿತು.

ಎಂಟು ಜನ ಎಂಟು ಉತ್ತರ ಕೊಟ್ಟಾಗ ಅಡ್ಮಿನ್ ಸುಮ್ಮನಿರಬಾರದು. ಹೊಸಬರಿಗೆ ಯಾರ ಮಾತಿಗೆ ತೂಕ ಹೆಚ್ಚೆಂದು ಗೊತ್ತಿರುವುದಿಲ್ಲ, ಕೆಲವರು ಎಂಟನ್ನೂ ಒಂದೇ ವಾರದಲ್ಲಿ ಮಾಡಿ ಗಿಡ ಸಾಯಿಸುತ್ತಾರೆ. ಅನುಭವಿಯೊಬ್ಬರು ಒಟ್ಟು ಸೇರಿಸಿ ಹೇಳಬೇಕು: "ಮೊದಲು ನೀರು ಕಡಿಮೆ ಮಾಡಿ, ಒಂದು ವಾರ ನೋಡಿ. ಹೊಸ ಎಲೆ ಹಸಿರಾಗಿ ಬಂದರೆ ಬೇರೇನೂ ಬೇಡ. ಬರದಿದ್ದರೆ ಹಿಡಿ ಎರೆಗೊಬ್ಬರ ಹಾಕಿ, ಮತ್ತೆ ಫೋಟೋ ಕಳಿಸಿ." ಒಂದು ಸಲಕ್ಕೆ ಒಂದೇ ಬದಲಾವಣೆ. ಟೊಮೆಟೊ ತಳ ಕಪ್ಪಾಗಿದೆ ಎಂದ ಕೂಡಲೇ ಮೊಟ್ಟೆ ಸಿಪ್ಪೆ ಹಾಕಿ ಎನ್ನುವವರು ಎಲ್ಲ ಗುಂಪಿನಲ್ಲೂ ಇರುತ್ತಾರೆ. ಸಿಪ್ಪೆ ಕರಗಲು ತಿಂಗಳುಗಟ್ಟಲೆ ಬೇಕು. ಒಂದು ದಿನ ಒಣಗಿಸಿ ಮರುದಿನ ಮುಳುಗಿಸುವ ನೀರಿನ ಏರುಪೇರನ್ನು ಸರಿಪಡಿಸಿದರೆ ಮುಂದಿನ ಕಾಯಿಗಳು ಬಹುಮಟ್ಟಿಗೆ ಸರಿಹೋಗುತ್ತವೆ.

ಒಂದು ವಿಷಯದಲ್ಲಿ ಮಾತ್ರ ಮುಲಾಜು ಬೇಡ: ರಾಸಾಯನಿಕ ಔಷಧಿ. ಡಬ್ಬಿಯ ಮೇಲಿನ ತ್ರಿಕೋನ ಕೆಂಪಾಗಿದ್ದರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಅಡುಗೆಮನೆಗೆ ಹೋಗುವ ಸೊಪ್ಪು, ತರಕಾರಿಗೆ ಕೆಂಪು, ಹಳದಿ ತ್ರಿಕೋನದ ಔಷಧಿ ಹೇಳಬಾರದು ಎಂಬ ನಿಯಮ ಇಟ್ಟು, ಹೇಳಿದ ಸಂದೇಶವನ್ನು ಅಡ್ಮಿನ್ ಅಳಿಸಿಬಿಡಲಿ. ಮೊನೊಕ್ರೊಟೊಫಾಸ್ ಅನ್ನು ತರಕಾರಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2005ರಲ್ಲೇ ನಿಷೇಧಿಸಿದೆ. ಅಳಿಸಿದ್ದು ಯಾಕೆ ಎಂದು ಗುಂಪಿನಲ್ಲಿ ಒಂದು ಸಾಲು ಬರೆಯಿರಿ, ಹೇಳಿದವರ ಹೆಸರೆತ್ತಿ ಹಂಗಿಸುವುದು ಬೇಡ. ಅವರಿಗೆ ಬೇರೆಯಾಗಿ ಹೇಳಿ.

ಭಾಷೆ, ಧ್ವನಿ

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದವರಿಗೆ "ಕನ್ನಡದಲ್ಲಿ ಬರೆಯಿರಿ" ಎನ್ನುವ ಗುಂಪುಗಳಿವೆ. ಕಳಕಳಿ ಅರ್ಥವಾಗುತ್ತದೆ. ಆದರೆ ಮೊದಲ ಪ್ರಶ್ನೆಗೆ ಉತ್ತರದ ಬದಲು ತಿದ್ದುಪಡಿ ಸಿಕ್ಕರೆ ಎರಡನೆಯದು ಬರುವುದಿಲ್ಲ. ಉತ್ತರವನ್ನು ನೀವು ಕನ್ನಡ ಲಿಪಿಯಲ್ಲಿ ಕೊಡಿ. ಜಿಬೋರ್ಡ್‌ನಲ್ಲಿ ಕನ್ನಡ ಸೇರಿಸಿ ಮೈಕ್ ಒತ್ತಿ ಮಾತಾಡಿದರೆ ತಾನೇ ಟೈಪ್ ಆಗುತ್ತದೆ ಎಂದು ಡಾಕ್‌ನಲ್ಲಿ ಚಿತ್ರ ಸಮೇತ ತೋರಿಸಿ. ಕಲಿಯುವವರು ಕಲಿಯುತ್ತಾರೆ.

ಧ್ವನಿ ಸಂದೇಶದಲ್ಲಿ ಕೇಳುವವರಿಗೆ ಅವಕಾಶ ಇರಲಿ, ಬರೆಯಲು ಬಾರದವರು, ಕಣ್ಣು ಮಂಜಾದವರು ಹಾಗೆಯೇ ಕೇಳುತ್ತಾರೆ. ಕೇಳಿಸಿಕೊಂಡವರಲ್ಲಿ ಒಬ್ಬರು ಕೆಳಗೆ ಒಂದು ಸಾಲು ಬರೆದರೆ ಸಾಕು: "ಶಿರಸಿ, ನೆಲದ ಮಲ್ಲಿಗೆ, ಮೊಗ್ಗು ಉದುರುತ್ತಿದೆ". ಆಗ ಧ್ವನಿ ತೆರೆಯದವರಿಗೂ ಪ್ರಶ್ನೆ ತಿಳಿಯುತ್ತದೆ, ಮುಂದೆ ಹುಡುಕಿದಾಗಲೂ ಸಿಗುತ್ತದೆ.

ಧಾರವಾಡದವರು ಪೇರಲ ಎಂದದ್ದಕ್ಕೆ ಮೈಸೂರಿನವರು ಸೀಬೆ ಎಂದು ತಿದ್ದಬೇಕಾಗಿಲ್ಲ. ಡಾಕ್‌ನಲ್ಲಿ ಶೇಂಗಾ, ಕಡಲೆಕಾಯಿ, ನೆಲಗಡಲೆ ಹೀಗೆ ಹೆಸರುಗಳನ್ನೆಲ್ಲ ಒಟ್ಟಿಗೆ ಬರೆದಿಟ್ಟರೆ ಯಾವ ಊರಿನವರು ಹುಡುಕಿದರೂ ಸಿಗುತ್ತದೆ. ವಯಸ್ಸು ತಿಳಿಯದವರನ್ನು "ಅಕ್ಕ", "ಆಂಟಿ" ಎನ್ನುವುದಕ್ಕಿಂತ ಹೆಸರಿಗೆ "ಅವರೇ" ಸೇರಿಸುವುದು ಕ್ಷೇಮ.

ಗದ್ದಲ ಮತ್ತು ನಂಬರ್

ಶುಭೋದಯ, ಹಬ್ಬದ ಚಿತ್ರ, ರಾಜಕೀಯದ ಫಾರ್ವರ್ಡ್‌ಗಳನ್ನು ಬರಿ ನಿಷೇಧಿಸಿದರೆ ನಿಲ್ಲುವುದಿಲ್ಲ. ಅದಕ್ಕೊಂದು ಜಾಗ ಬೇಕು. ವಾಟ್ಸಾಪ್ ಕಮ್ಯುನಿಟಿ ಮಾಡಿ ಅದರಡಿ "ಪ್ರಶ್ನೆ-ಉತ್ತರ", "ನಮ್ಮ ತೋಟದ ಫೋಟೋ", "ಬೀಜ ವಿನಿಮಯ", "ಹರಟೆ" ಎಂದು ನಾಲ್ಕು ಗುಂಪು ಮಾಡಿ. ನಾಲ್ಕಕ್ಕಿಂತ ಹೆಚ್ಚು ಬೇಡ, ಎಲ್ಲಿ ಕೇಳಬೇಕೆಂದೇ ಹೊಸಬರಿಗೆ ತಿಳಿಯದಾಗುತ್ತದೆ. ತಪ್ಪು ಗುಂಪಿನಲ್ಲಿ ಕೇಳಿದರೆ ಮೊದಲು ಅಲ್ಲೇ ಉತ್ತರಿಸಿ, ಆಮೇಲೆ ಮುಂದಿನ ಸಲಕ್ಕೆ ಜಾಗ ತೋರಿಸಿ. ಟೆಲಿಗ್ರಾಂ ಆದರೆ ಒಬ್ಬರೇ ಸಾಲುಸಾಲು ಹಾಕುವುದನ್ನು ಸ್ಲೋ ಮೋಡ್ ತಡೆಯುತ್ತದೆ.

ಹೆಣ್ಣುಮಕ್ಕಳು ಗುಂಪಿನಲ್ಲಿ ಬಾಯಿ ಬಿಡದಿರಲು ಮುಖ್ಯ ಕಾರಣ ಬೇರೆಯೇ ಇದೆ. ಸಾಮಾನ್ಯ ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಒಂದು ಪ್ರಶ್ನೆ ಕೇಳಿದರೆ ಸಾಕು, "ಹಾಯ್ ಮೇಡಂ, ನಿಮ್ಮ ಗಾರ್ಡನ್ ಸೂಪರ್" ಎಂದು ಖಾಸಗಿಯಾಗಿ ಬರುತ್ತದೆ, ಗೊಬ್ಬರ ಮಾರುವವರೂ ಹಿಂದೆ ಬೀಳುತ್ತಾರೆ. ಸ್ವಾಗತದಲ್ಲೇ ಸ್ಪಷ್ಟವಾಗಿ ಹೇಳಿ: ಕೇಳದೆ ಯಾರಿಗೂ ಖಾಸಗಿ ಸಂದೇಶ ಕಳಿಸುವಂತಿಲ್ಲ, ಬಂದರೆ ಸ್ಕ್ರೀನ್‌ಶಾಟ್ ಈ ಅಡ್ಮಿನ್‌ಗೆ ಕಳಿಸಿ. ಅಡ್ಮಿನ್‌ಗಳಲ್ಲಿ ಒಬ್ಬರಾದರೂ ಮಹಿಳೆ ಇರಲಿ, ದೂರು ಅವರ ಹೆಸರಿಗೇ ಹೋಗಲಿ. ಇದಕ್ಕೆ ಎರಡನೇ ಎಚ್ಚರಿಕೆ ಬೇಡ, ಮೊದಲ ಸಲವೇ ಹೊರಗೆ. ಸೇರುವವರನ್ನು ಅಡ್ಮಿನ್ ಒಪ್ಪಿಯೇ ಒಳಬಿಡುವಂತೆ ಸೆಟ್ಟಿಂಗ್ ಇಟ್ಟು, ಲಿಂಕನ್ನು ಆಗಾಗ ಬದಲಿಸಿದರೆ ಸಾಲದ ಆಪ್‌ನವರ ಕಾಟವೂ ಇಳಿಯುತ್ತದೆ.

ಕೆಲಸ ಹಂಚುವುದು

ಒಂದೇ ಪ್ರಶ್ನೆಗೆ ನಲವತ್ತನೇ ಸಲ ಉತ್ತರಿಸುವವರು ಸಿಡುಕುವುದು ಸಹಜ, ಅವರನ್ನು ಕೆಟ್ಟವರೆನ್ನಬೇಡಿ. ಪಾಳಿ ಮಾಡಿ. ಏಳು ಜನ ಸಿಕ್ಕರೆ ವಾರದಲ್ಲಿ ಒಂದೊಂದು ದಿನ. ಆ ದಿನದ ಪ್ರಶ್ನೆ ಯಾವುದೂ ಉತ್ತರವಿಲ್ಲದೆ ಉಳಿಯದಂತೆ ನೋಡುವುದಷ್ಟೇ ಅವರ ಹೊಣೆ, ಎಲ್ಲದಕ್ಕೂ ತಾವೇ ಉತ್ತರಿಸಬೇಕೆಂದಿಲ್ಲ. ಏಳರಲ್ಲಿ ಇಬ್ಬರು ಕಳೆದ ವರ್ಷವಷ್ಟೇ ಗಿಡ ಶುರು ಮಾಡಿದವರಾಗಿರಲಿ. ಬೀಜವನ್ನು ಎಷ್ಟು ಆಳಕ್ಕೆ ಹಾಕಬೇಕೆಂಬ ಗೊಂದಲ ಅವರಿಗೆ ಇನ್ನೂ ನೆನಪಿರುತ್ತದೆ, "ಬೀಜದ ಗಾತ್ರದ ಎರಡು ಮೂರು ಪಟ್ಟು" ಎಂದು ನಗದೆ ಹೇಳುತ್ತಾರೆ. ಕಸಿ, ಹನಿ ನೀರಾವರಿ, ಹೈಡ್ರೋಪೋನಿಕ್ಸ್ ಎಂದು ಆಳಕ್ಕೆ ಹೋಗಬೇಕೆನ್ನುವ ಹಿರಿಯರಿಗೆ ಬೇರೊಂದು ಸಣ್ಣ ಗುಂಪು ಇರಲಿ, ಇಲ್ಲದಿದ್ದರೆ ಅವರು ಮೊದಲು ಮೌನವಾಗಿ ಆಮೇಲೆ ಹೊರಟುಹೋಗುತ್ತಾರೆ.

ಭಾನುವಾರ ಸಂಜೆ ಅಡ್ಮಿನ್ ಒಬ್ಬರು ವಾರದ ಸಂದೇಶಗಳನ್ನು ಮೇಲಿಂದ ಕೆಳಗೆ ಓದಿ ಮೂರು ಲೆಕ್ಕ ಬರೆದಿಡಲಿ: ಮೊದಲ ಸಲ ಪ್ರಶ್ನೆ ಕೇಳಿದವರು ಎಷ್ಟು, ಅದರಲ್ಲಿ ಉತ್ತರ ಸಿಗದವರು ಎಷ್ಟು, ಹಿಂದಿನ ತಿಂಗಳು ಮೊದಲ ಸಲ ಕೇಳಿದವರಲ್ಲಿ ಈ ತಿಂಗಳು ಮತ್ತೆ ಬರೆದವರು ಎಷ್ಟು. ಉತ್ತರ ಸಿಗದ ಪ್ರಶ್ನೆಗಳನ್ನು ಸೋಮವಾರ ಮತ್ತೆ ಮೇಲಕ್ಕೆ ತನ್ನಿ. ಮೂರನೇ ಲೆಕ್ಕ ಇಳಿಯುತ್ತಿದ್ದರೆ ಪ್ರಶ್ನೆಗಳ ಕೆಳಗಿನ ಉತ್ತರಗಳ ಧಾಟಿಯನ್ನು ತೆಗೆದು ಓದಿ. ಕಾರಣ ಸಾಮಾನ್ಯವಾಗಿ ಒಬ್ಬಿಬ್ಬರ ಮಾತಿನಲ್ಲಿ ಸಿಗುತ್ತದೆ.

ಗುಂಪಿನಲ್ಲಿ ಯಾರಿಗೂ ಗೊತ್ತಿಲ್ಲದ ಪ್ರಶ್ನೆಯೂ ಬರುತ್ತದೆ. ಆಗ ಊಹೆ ಹೇಳುವ ಬದಲು "ನಮಗೆ ತಿಳಿಯುತ್ತಿಲ್ಲ" ಎಂದು ಬರೆದು ದಾರಿ ತೋರಿಸಿ. ಕಿಸಾನ್ ಕಾಲ್ ಸೆಂಟರ್‌ನ 1800-180-1551ಕ್ಕೆ ಕರೆ ಉಚಿತ, ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲೇ ಮಾತಾಡಬಹುದು. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ರೋಗ ತಗುಲಿದ ಎಲೆ, ಕಾಂಡವನ್ನು ಕಾಗದದಲ್ಲಿ ಸುತ್ತಿ ಒಯ್ಯಬಹುದು. ಪ್ಲಾಸ್ಟಿಕ್ ಕವರಿನಲ್ಲಿ ಬೆವರಿ ಕೊಳೆಯುತ್ತದೆ. ಬೆಂಗಳೂರಿನ ಸುತ್ತಲಿನವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಇದೆ. ಹೋಗಿ ಬಂದವರಿಗೆ ಅಲ್ಲಿ ಏನು ಹೇಳಿದರೆಂದು ಗುಂಪಿನಲ್ಲಿ ಬರೆಯಲು ಕೇಳಿ, ಅದನ್ನು ಅದೇ ದಿನ ಡಾಕ್‌ಗೆ ಸೇರಿಸಿ.